ಒಂಬತ್ತು ಎಣಿಸುವಷ್ಟು

ಜೂನ್ 9, ಸೋಮವಾರ

ಕಾಲೇಜಿನ ಮೊದಲ ದಿನ. ಕ್ಲಾಸ್‌ರೂಮ್ ತಪ್ಪಿ ಮೂರನೇ ವರ್ಷದವರ ನಡುವೆ ಇಪ್ಪತ್ತು ನಿಮಿಷ ಕೂತಿದ್ದೆ. ಗೊತ್ತಾದ ಮೇಲೂ ಎದ್ದು ಹೋಗಲು ಧೈರ್ಯ ಸಾಲದೆ ಅವರ ನೋಟ್ಸನ್ನೇ ಬರೆದುಕೊಂಡೆ. ಇವತ್ತು ಹೇಳಿದ 'ಸಾರಿ'ಗಳು ಒಟ್ಟು ಹದಿನಾರು. ಅದರಲ್ಲಿ ಒಂದನ್ನು ಬಾಗಿಲಿಗೆ ಹೇಳಿದ್ದು. ಹಾಸ್ಟೆಲ್‌ನಲ್ಲಿ ನನ್ನ ಅಡ್ಡಹೆಸರೇ 'ಸಾರಿ' ಆಗಿತ್ತು. ಇಲ್ಲಿ ಆ ಹೆಸರು ಯಾರಿಗೂ ಗೊತ್ತಾಗಬಾರದು.

ಡೈರಿಯನ್ನು ಮನೆಯ ಭಾಷೆಯಲ್ಲೇ ಮುಂದುವರಿಸುತ್ತೇನೆ. ವಾರ್ಡನ್‌ಗೆ ಈ ಅಕ್ಷರ ಓದಲು ಬರುತ್ತಿರಲಿಲ್ಲ ಎಂದು ಶುರುಮಾಡಿದ್ದು. ಈಗ ವಾರ್ಡನ್ ಇಲ್ಲ. ಆದರೂ ಬರೆಯುವಾಗ ಬಾಗಿಲ ಕಡೆ ಒಂದು ಕಣ್ಣು ಇದ್ದೇ ಇರುತ್ತದೆ.

ಅಮ್ಮನ ಕೆಲಸ ಏನೆಂದು ಪಕ್ಕದ ಬೆಂಚಿನವಳಿಗೆ ವಿವರಿಸಲು ಹೋಗಿ ಸೋತೆ. ರಂಗಮಂದಿರದಲ್ಲಿ ಕೆಲಸ. ನಟಿಯಾ? ಅಲ್ಲ. ಹಾಡ್ತಾರಾ? ಇಲ್ಲ. ನಾಟಕ ನಡೆಯುವಾಗ ಎಡಗಡೆ ಪರದೆಯ ಹಿಂದೆ, ಬಟ್ಟೆ ಕಪಾಟಿನಷ್ಟು ಅಗಲದ ಗೂಡಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಉಸಿರಿನಲ್ಲಿ ಕೊಡುತ್ತಾರೆ. "ಅಂದ್ರೆ ಕಾಪಿ ಹೊಡೆಸ್ತಾರಾ?" ಎಂದಳು.

ಏಳನೇ ವಯಸ್ಸಿನಲ್ಲಿ ನನ್ನನ್ನು ಹಾಸ್ಟೆಲ್‌ಗೆ ಸೇರಿಸಿದ್ದು ಈ ಗೂಡಿಗಾಗಿಯೇ. ಸಂಜೆ ಹೊತ್ತು ನೋಡಿಕೊಳ್ಳಲು ಯಾರೂ ಇರಲಿಲ್ಲವಂತೆ. ಈಗ ಹನ್ನೊಂದು ವರ್ಷದ ಮೇಲೆ ಎರಡೇ ಕೋಣೆಯ ಈ ಮನೆಯಲ್ಲಿ ಇಬ್ಬರೂ ಇದ್ದೇವೆ. ನನ್ನ ಟ್ರಂಕು ಮಂಚದ ಕೆಳಗೆ ಬೀಗ ಹಾಕಿಕೊಂಡೇ ಇದೆ. ಸೋಪನ್ನು ಡಬ್ಬಿಯಲ್ಲಿ ಬಚ್ಚಲಿಗೆ ಒಯ್ದು ಡಬ್ಬಿಯಲ್ಲೇ ತರುತ್ತೇನೆ. ಅಮ್ಮ ಅದನ್ನು ನೋಡುತ್ತಾರೆ, ಏನೂ ಹೇಳುವುದಿಲ್ಲ. ಊರಿಗೆಲ್ಲ ಮಾತು ಕೊಡುವವರ ಬಳಿ ನನಗೆ ಕೊಡಲು ಮಾತಿಲ್ಲ. ಊಟಕ್ಕೆ ಕೂತಾಗ ಆ ಮೌನ ತಡೆಯಲಾಗದೆ ಫ್ಯಾನು, ಬಸ್ಸು, ಟೈಂಟೇಬಲ್ಲು ಅಂತ ನಾನೇ ಒಂದೇ ಸಮನೆ ವಟಗುಟ್ಟಿದೆ.

ಜೂನ್ 14, ಶನಿವಾರ

ಮುಂದಿನ ಶನಿವಾರ ಹೊಸ ರಂಗಋತುವಿನ ಘೋಷಣೆ. ವರ್ಷಕ್ಕೊಮ್ಮೆ ನಡೆಯುವ ಸಂಜೆ. ಬರಲಿರುವ ಏಳು ನಾಟಕಗಳಿಂದ ಐದೈದು ನಿಮಿಷ ಆಡಿ ತೋರಿಸುತ್ತಾರೆ. ಅದನ್ನು ನೋಡಿ ಜನ ಇಡೀ ವರ್ಷದ ಟಿಕೆಟ್ ಬರೆಸುತ್ತಾರೆ. ಈ ಸಲ ಒಂದು ಸಂಗೀತ ನಾಟಕವೂ ಇದೆ: ಅಂಚೆ ಕಚೇರಿಯಲ್ಲಿ ಏಳು ಹುಡುಗಿಯರು ಬೇರೆಯವರ ಪತ್ರ ಓದಿ ಹಾಡುತ್ತಾರಂತೆ. ಋತು ಶುರುವಾಗುವುದು 'ಗಡಿಯಾರದ ಅಂಗಡಿ'ಯಿಂದ. ಅದರ ಮುಖ್ಯ ಪಾತ್ರ ಗುಡುಗಜ್ಜನದು.

ಗುಡುಗಜ್ಜ ಇಲ್ಲಿನ ಹಿರಿಯ ನಟ. ಎಪ್ಪತ್ತೊಂದು ವರ್ಷ. ಧ್ವನಿಗೆ ಬಿದ್ದ ಹೆಸರು ಅದು. ಇವತ್ತು ನನ್ನನ್ನು ನೋಡಿ, "ಓ, ಗೂಡಿನಕ್ಕನ ಮಗಳಾ? ನೀನು ಹುಟ್ಟಿದ ದಿನ ನಿಮ್ಮಮ್ಮ ರಜಾ ಹಾಕಿದ್ಲು. ಅವತ್ತು ನಾನು ಎರಡನೇ ಅಂಕದಿಂದ ಸೀದಾ ನಾಲ್ಕಕ್ಕೆ ಹಾರಿದ್ದೆ. ಆ ಬಾಕಿ ನಿನ್ನದು!" ಎಂದು ನಕ್ಕರು. ನಾನು ಸಾರಿ ಎಂದೆ. ಇನ್ನೂ ಜೋರಾಗಿ ನಕ್ಕರು.

ಬಟ್ಟೆ ಹೊಲಿಯುವ ಚಿಕ್ಕಮ್ಮ (ಸಂಬಂಧ ಏನೂ ಇಲ್ಲ, ಎಲ್ಲರೂ ಹಾಗೇ ಕರೆಯುತ್ತಾರೆ) ಸೂಜಿ ಪೋಣಿಸುತ್ತ ನನ್ನ ಕಿವಿಯಲ್ಲಿ ಹೇಳಿದರು: "ಹೋದ ವರ್ಷದಿಂದ ಅಜ್ಜ ತುಂಬಾ ಮರೀತಾರೆ ಕಣೇ. ನಿಮ್ಮಮ್ಮ ಹೇಗೆ ಎತ್ತಿ ಕೊಡ್ತಾಳೆ ಅಂದ್ರೆ ಮುಂದಿನ ಸಾಲಿನವರಿಗೂ ಗೊತ್ತಾಗಲ್ಲ. ಹೊಸ ನಿರ್ದೇಶಕರಿಗೆ ಮಾತ್ರ ಅನುಮಾನ. ಶನಿವಾರ ಅಜ್ಜ ಗೆದ್ರೆ ಪಾತ್ರ ಉಳೀತು. ಇಲ್ಲಾಂದ್ರೆ ಬೇರೆಯವರು ತುದಿಗಾಲಲ್ಲಿ ನಿಂತಿದ್ದಾರೆ."

ಮನೆಯಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಅಮ್ಮನ ಇಪ್ಪತ್ತಮೂರು ಋತುಗಳ ಕಿರುಪುಸ್ತಕಗಳಿವೆ. ಕದ್ದು ನೋಡಿದೆ. ಎಲ್ಲದರಲ್ಲೂ ಕೊನೆಯ ಪುಟದ ಕೊನೆಯ ಸಾಲು ಅಮ್ಮನ ಹೆಸರು. ನನ್ನ ರಿಪೋರ್ಟ್ ಕಾರ್ಡುಗಳೂ ಅದೇ ಡಬ್ಬಿಯಲ್ಲಿದ್ದವು. ಯಾಕೋ ಸಿಟ್ಟು ಬಂತು. ಮುಚ್ಚಿಟ್ಟೆ.

ಜೂನ್ 19, ಗುರುವಾರ

ಅಮ್ಮ ಮೊದಲ ಬಾರಿ ನನ್ನಿಂದ ಏನನ್ನೋ ಕೇಳಿದರು!

ಅವರ ಕಣ್ಣಿಗೆ ಪೊರೆ ಬಂದಿದೆ, ಆಗಸ್ಟ್‌ನಲ್ಲಿ ಆಪರೇಷನ್. ಗೂಡಿನ ಸಣ್ಣ ಬಲ್ಬಿನಲ್ಲಿ ಟೈಪ್ ಮಾಡಿದ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತದಂತೆ. ಏಳು ದೃಶ್ಯಗಳ ಹಾಳೆಗಳನ್ನು ಮುಂದಿಟ್ಟು, "ದಪ್ಪಕ್ಷರದಲ್ಲಿ ಬರೆದು ಕೊಡ್ತೀಯಾ ಮರಿ? ನಿನಗೆ ಪಾಠ ಇಲ್ದಿದ್ರೆ ಮಾತ್ರ" ಎಂದರು. ಪಾಠ ಇತ್ತು. ಇಲ್ಲ ಎಂದೆ.

ಆ ಹಾಳೆಗಳೋ, ದೇವರಿಗೇ ಪ್ರೀತಿ. ಹೊಡೆದು ಹಾಕಿದ್ದು, ಅಂಟಿಸಿದ್ದು, ಅಂಚಿನ ತುಂಬ ಪೆನ್ಸಿಲ್ ಗೀಟು, ಸೊನ್ನೆ, ಬಾಣ. ಹಾಸ್ಟೆಲ್‌ನಲ್ಲಿ ಏಳು ವರ್ಷ ಕೈಬರಹದ ಬಹುಮಾನ ನನ್ನದೇ. ಫೇರ್ ಕಾಪಿಯಲ್ಲಿ ಒಂದೇ ಒಂದು ಪೆನ್ಸಿಲ್ ಗುರುತು ಉಳಿದರೂ ನಮ್ಮ ಮಿಸ್ ಪುಟ ಹರಿದು ಕೈಗೆ ಕೊಡುತ್ತಿದ್ದರು. ಮಧ್ಯಾಹ್ನ ಮೂರರಿಂದ ಏಳರವರೆಗೆ ಕೂತೆ. ಕಪ್ಪು ಸ್ಕೆಚ್ ಪೆನ್, ನಲವತ್ತೆರಡು ಪುಟ, ಒಂದು ಚಿತ್ತೂ ಇಲ್ಲ. ಪಾತ್ರದ ಹೆಸರಿಗೆ ಕೆಂಪು ಅಡಿಗೆರೆ.

ಅಮ್ಮ ಮೊದಲ ಎರಡು ಪುಟ ತಿರುವಿದರು. ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು, "ಅಚ್ಚು ಹಾಕಿದ ಹಾಗಿದೆ" ಎಂದರು.

"ಪೂರ್ತಿ ಚೆಕ್ ಮಾಡಿ ಅಮ್ಮ, ನೀವು."

"ನೀನು ಬರೆದಿದ್ದೀಯಲ್ಲ. ಇನ್ನೇನು ನೋಡೋದು?"

ಆ ಮಾತನ್ನು ಹಾಸಿಗೆಗೆ ತಂದುಕೊಂಡಿದ್ದೇನೆ. ಇವತ್ತು ಹೇಳಿದ್ದು ಬರೀ ನಾಲ್ಕು 'ಸಾರಿ'.

ಜೂನ್ 21, ಶನಿವಾರ

ಬರೆಯಬೇಕು.

ಮಂದಿರ ತುಂಬಿತ್ತು. ನಾನು ಅಮ್ಮನ ಗೂಡಿನ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಧ್ವನಿವರ್ಧಕಕ್ಕೂ ರೆಕಾರ್ಡಿಂಗ್‌ಗೂ ಎಂದು ರಂಗದ ಅಂಚಿನ ಉದ್ದಕ್ಕೂ ಮೈಕ್ ಇಟ್ಟಿದ್ದರು, ಒಂದು ಗೂಡಿನ ಪಕ್ಕದಲ್ಲೇ. ಆರು ದೃಶ್ಯ ನೀರು ಹರಿದ ಹಾಗೆ ಹೋದವು. ಅಂಚೆ ಕಚೇರಿ ಹುಡುಗಿಯರಿಗೆ ಜನ ಚಪ್ಪಾಳೆ ನಿಲ್ಲಿಸಲೇ ಇಲ್ಲ.

ಕೊನೆಗೆ ಗುಡುಗಜ್ಜ. ಗಡಿಯಾರ ರಿಪೇರಿಯ ಮುದುಕ. ಒಬ್ಬ ಗಿರಾಕಿ ಕೈಗಡಿಯಾರ ತಂದು ಕೊಡುತ್ತಾನೆ. ಮುದುಕ ಅದರ ಬೆನ್ನು ತೆಗೆದು ನೋಡುತ್ತಾನೆ: ಮನೆ ಬಿಟ್ಟು ಹೋದ ಮಗನಿಗೆ ತಾನೇ ಕೊಟ್ಟಿದ್ದ ಗಡಿಯಾರ. ತಲೆ ಎತ್ತಿ ಗಿರಾಕಿಯ ಮುಖ ನೋಡುತ್ತಾನೆ. ಹೇಳಬೇಕಾದ ಮಾತು ಇಷ್ಟೇ: "ಎರಡು ದಿನ ಬಿಟ್ಟು ಬನ್ನಿ. ಆಗಿರುತ್ತೆ."

ಅಜ್ಜ ತಲೆ ಎತ್ತಿದರು. ನೋಡಿದರು. ಮಾತಾಡಲಿಲ್ಲ.

ಮರೆತರು ಎಂದುಕೊಂಡೆ. ಅಮ್ಮ ಬಗ್ಗಿ ನನ್ನ ಪುಟವನ್ನು ನೋಡಿದರು. ಮತ್ತೆ ಅಜ್ಜನನ್ನು ನೋಡಿದರು. ಆಮೇಲೆ ಉಸಿರಿನಲ್ಲಿ ಹೇಳಿದರು: "ಎರಡು ದಿನ ಬಿಟ್ಟು..."

ಮೈಕ್ ಹಿಡಿದುಕೊಂಡಿತು. ಇಡೀ ಮಂದಿರದಲ್ಲಿ ಅಮ್ಮನ ಪಿಸುಮಾತು. ಯಾರೋ ಒಬ್ಬರು ನಕ್ಕರು. ಅಜ್ಜ ಬೆಚ್ಚಿ ಗೂಡಿನ ಕಡೆ ತಿರುಗಿದರು. ಪಾತ್ರ ಮುಖದಿಂದ ಜಾರಿ ಬಿತ್ತು, ಬರೀ ಮುದುಕರೊಬ್ಬರು ನಿಂತಿದ್ದರು. "ಎರಡು ದಿನ ಬಿಟ್ಟು ಬನ್ನಿ" ಎಂದರು. ಆಗ ಎಲ್ಲರೂ ನಕ್ಕರು.

ಮನೆಗೆ ಬರುವಾಗ ಅಮ್ಮ ಬಸ್ಸು ಹತ್ತದೆ ನಡೆದರು. ನಾನೂ.

ಜೂನ್ 22, ಭಾನುವಾರ

ಹಾಸ್ಟೆಲ್ ಅಭ್ಯಾಸ, ಯಾವ ಕಾಗದವನ್ನೂ ಎಸೆಯುವುದಿಲ್ಲ. ಹಳೆಯ ಹಾಳೆಗಳು ಟ್ರಂಕಿನಲ್ಲಿದ್ದವು. ಬೆಳಿಗ್ಗೆ ತೆಗೆದು ನೋಡಿದೆ.

ಆ ಮಾತಿನ ಎಡಗಡೆ, ಪೆನ್ಸಿಲ್‌ನಲ್ಲಿ ಒಂದು ಸೊನ್ನೆ. ಸೊನ್ನೆಯೊಳಗೆ 9.

ಬಟ್ಟೆ ಹೊಲಿಯುವ ಚಿಕ್ಕಮ್ಮನನ್ನು ಹುಡುಕಿಕೊಂಡು ಹೋಗಿ, ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. "ಅದಾ? ಎಣಿಸೋ ಗುರುತು. ಅಷ್ಟು ಎಣಿಸೋವರೆಗೂ ನಟ ಬೇಕಂತಲೇ ಸುಮ್ಮನಿರ್ತಾನೆ, ಬಾಯಿ ಹಾಕಬೇಡ ಅಂತ ಅರ್ಥ. ಅಜ್ಜ ಗುರುವಾರ ಬೆಳಗಿನ ತಾಲೀಮಿನಲ್ಲಷ್ಟೇ ಸೇರಿಸಿದ್ದು. ಯಾಕೆ ಕೇಳ್ತೀಯಾ?"

ಸುಮ್ಮನೆ, ಎಂದೆ.

ಜೂನ್ 25, ಬುಧವಾರ

ಅಮ್ಮ ಇವತ್ತು ಉಪ್ಪಿನ ಡಬ್ಬಿ ಎಲ್ಲಿಟ್ಟೆನೆಂದು ಒಂದು ಕ್ಷಣ ಹುಡುಕಿದರು. ಅದು ಕೈಯಲ್ಲೇ ಇತ್ತು. ಯಾರಿಗಾದರೂ ಆಗುವಂಥದ್ದು. ಆದರೆ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು.

"ತಲೆ ಹೋಗ್ತಿದೆ ಮರಿ ನನಗೆ. ಬರೀ ಕಣ್ಣಲ್ಲ."

"ಹಾಗೆಲ್ಲ ಇಲ್ಲ ಅಮ್ಮ."

"ಅವರು ನನ್ನ ನಂಬಿ ನಿಂತಿದ್ರು. ಮೂವತ್ತು ವರ್ಷದಿಂದ ರಂಗದ ಮೇಲಿರೋ ನಟ. ಎಲ್ಲರ ಮುಂದೆ ನಗೆಪಾಟಲು ಮಾಡಿದೆ."

ಹೇಳು, ಈಗ ಹೇಳು, ಎಂದು ನನಗೆ ನಾನೇ ಹೇಳಿಕೊಂಡೆ. ಬಾಯಿ ತೆರೆದೆ. "ಫ್ಯಾನ್ ಸೌಂಡ್ ಮಾಡ್ತಿದೆ ಅಲ್ವಾ?" ಎಂದು ಬಂತು.

ಜುಲೈ 1, ಮಂಗಳವಾರ

ಗುಡುಗಜ್ಜ ಮನೆಗೆ ಬಂದಿದ್ದರು. ಪಾತ್ರ ಹೋಗಿದೆ, ಊರು ಬಿಟ್ಟು ಮಗಳ ಮನೆಗೆ ಹೊರಟಿದ್ದಾರೆ. ಬಣ್ಣದ ಪೆಟ್ಟಿಗೆ ತೊಡೆಯ ಮೇಲಿತ್ತು. ನಾನು ಒಳಗೆ ಚಹಾ ಮಾಡುತ್ತಿದ್ದೆ.

"ನಾನು ಮರ್ತಿರ್ಲಿಲ್ಲ ಕಣಮ್ಮ," ಎಂದರು. ಗುಡುಗು ಇರಲಿಲ್ಲ ಆ ದನಿಯಲ್ಲಿ.

"ಗೊತ್ತು."

"ಎಣಿಸ್ತಿದ್ದೆ. ಏಳಕ್ಕೆ ಬಂದಿದ್ದೆ. ಇನ್ನೆರಡು."

"ನನ್ನ ತಪ್ಪು ಅಣ್ಣಾ. ನಿರ್ದೇಶಕರಿಗೂ ಹೇಳಿದೆ. ಅವರು ನಂಬಲಿಲ್ಲ. ನಿಮ್ಮನ್ನ ಉಳಿಸೋಕೆ ಹೇಳ್ತೀನಿ ಅನ್ಕೊಂಡ್ರು."

"ನೀನು ಅಷ್ಟು ಸಲ ಉಳಿಸಿದ್ದೀಯಲ್ಲ, ಅದಕ್ಕೇ ನಂಬಲಿಲ್ಲ."

ಇಬ್ಬರೂ ಸಣ್ಣಗೆ ನಕ್ಕರು. ಆಮೇಲೆ ನಗು ನಿಂತಿತು.

ನನ್ನ ಕೈಯಲ್ಲಿ ಎರಡು ಲೋಟ. ಬಾಗಿಲಿಂದ ಅವರಿಗೆ ನಾಲ್ಕು ಹೆಜ್ಜೆ. ಆ ಹಾಳೆ ನಮ್ಮಿಂದ ಹತ್ತಡಿ ದೂರದ ಟ್ರಂಕಿನಲ್ಲಿತ್ತು. ಹೋಗಿ ಚಹಾ ಇಟ್ಟೆ. ಅಜ್ಜ ನನ್ನ ತಲೆ ಮುಟ್ಟಿ, "ನಿನ್ನ ಬಾಕಿ ಮನ್ನಾ" ಎಂದರು. ಸಾರಿ ಎನ್ನಲು ಅದೊಂದೇ ಸರಿಯಾದ ಜಾಗ ಇತ್ತು. ನಾನು ಹೇಳಲಿಲ್ಲ.

ಜುಲೈ 2, ಬುಧವಾರ

ಹೋದರು. ಬೆಳಗಿನ ಬಸ್ಸಿಗೆ.

ಜುಲೈ 8, ಮಂಗಳವಾರ

ಋತುವಿನ ಕಿರುಪುಸ್ತಕ ಮೊದಲೇ ಅಚ್ಚಾಗಿದ್ದರಿಂದ ಅದರೊಳಗೆ ಒಂದು ತಿದ್ದುಪಡಿ ಚೀಟಿ ಸೇರಿಸಬೇಕಿತ್ತು. ಕೈ ಸಾಲದೆ ಕಾಲೇಜಿನವರನ್ನು ಕರೆದಿದ್ದರು. ಹೆಸರು ಕೊಡದೆ ಇರಬಹುದಿತ್ತು, ಕೊಟ್ಟೆ.

ಅಂಗೈಯಗಲದ ಚೀಟಿ. ಎರಡೇ ಸಾಲು. 'ಗಡಿಯಾರದ ಅಂಗಡಿ'ಯ ಮುಖ್ಯ ಪಾತ್ರಕ್ಕೆ ಬೇರೊಬ್ಬರ ಹೆಸರು. ಅದರ ಕೆಳಗೆ: ಈ ಋತುವಿನಿಂದ ಮಾತು ನೆನಪಿಸಲು ನಟರ ಕಿವಿಯಲ್ಲಿ ಯಂತ್ರವಿರುತ್ತದೆ, ಕೊನೆಯ ಪುಟದ ಕೊನೆಯ ಸಾಲನ್ನು ಕೈಬಿಡಲಾಗಿದೆ.

ಪುಸ್ತಕ ತೆರೆ, ಚೀಟಿ ಇಡು, ಮುಚ್ಚು. ಆರುನೂರು ಸಲ. ನನಗೆ ಹೇಳಿಕೊಟ್ಟಂತೆ ಅಂಚಿಗೆ ಅಂಚು ಕೂಡಿಸಿ, ನೀಟಾಗಿ. ಮೇಲ್ವಿಚಾರಕಿ ನನ್ನ ರಾಶಿಯನ್ನು ಉಳಿದವರಿಗೆ ತೋರಿಸಿ, "ನೋಡಿ, ಕೆಲಸ ಅಂದ್ರೆ ಹೀಗಿರಬೇಕು" ಎಂದರು.

ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಜುಲೈ 11, ಶುಕ್ರವಾರ

ಮೂರು ದಿನ ನಿರ್ದೇಶಕರ ಕೋಣೆಯ ಮುಂದೆ ಹೋಗಿ ಬಂದು, ಇವತ್ತು ಬಾಗಿಲು ತಟ್ಟಿದೆ. ಹಳೆಯ ಹಾಳೆ, ನನ್ನ ಫೇರ್ ಕಾಪಿ, ಎರಡನ್ನೂ ಅವರ ಮೇಜಿನ ಮೇಲಿಟ್ಟೆ. ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಏರಿಸಿ ಸೊನ್ನೆಯೊಳಗಿನ ಒಂಬತ್ತನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಅವರು ಮರೆತಿರಲಿಲ್ಲ ಹಾಗಾದ್ರೆ."

"ಇಲ್ಲ ಸರ್."

"ಯಾವತ್ತು ಗೊತ್ತಾಯ್ತು ನಿನಗೆ?"

"ಮಾರನೇ ದಿನ."

"ಇಪ್ಪತ್ತೆರಡು," ಎಂದು ಕ್ಯಾಲೆಂಡರ್ ನೋಡಿದರು. "ಪಾತ್ರ ಇಲ್ಲ ಅಂತ ನಾನು ಅವರಿಗೆ ಹೇಳಿದ್ದು ಮೂವತ್ತಕ್ಕೆ. ಚೀಟಿ ಅಚ್ಚಿಗೆ ಕೊಟ್ಟಿದ್ದು ಮೂರಕ್ಕೆ. ಆ ಎಂಟು ದಿನದಲ್ಲಿ ಬಂದಿದ್ರೆ ನಾನೇ ಹೋಗಿ ಅವರ ಕೈ ಹಿಡ್ಕೋತಿದ್ದೆ ಕಣಮ್ಮ." ಹಾಳೆಗಳನ್ನು ಒಟ್ಟಿಗೆ ಮಡಚಿ ನನ್ನ ಕಡೆ ತಳ್ಳಿದರು. "ಈಗ ಬೇರೆಯವರು ಹತ್ತು ದಿನದಿಂದ ತಾಲೀಮು ಮಾಡ್ತಿದ್ದಾರೆ. ಅವರನ್ನ ಏನು ಮಾಡ್ಲಿ, ಹೇಳು?"

"ಅಮ್ಮ?"

"ಅವರೇ ಬರೆದು ಕೊಟ್ಟು ಹೋದ್ರು, ಇನ್ನು ನನ್ನ ಕೈಲಾಗಲ್ಲ ಅಂತ. ನಾನೂ ಬೇಡ ಅನ್ನಲಿಲ್ಲ. ಅದು ನನ್ನ ತಪ್ಪು."

ಸಾರಿ ಎಂದೆ. ಆ ಪದ ಎಷ್ಟು ಸವೆದುಹೋಗಿದೆ ಎಂದರೆ ಅವರಿಗೆ ಕೇಳಿಸಿತೋ ಇಲ್ಲವೋ.

ಜುಲೈ 13, ಭಾನುವಾರ

ಅಮ್ಮ ಕಿಟಕಿಯ ಬಳಿ ಕೂತು ಬಟ್ಟೆ ಮಡಚುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತೆ. ಹಾಳೆಯನ್ನು ಅವಳ ಮಡಿಲಲ್ಲಿಟ್ಟು, ಆ ಸೊನ್ನೆಯ ಮೇಲೆ ಅವಳ ಬೆರಳನ್ನೇ ಹಿಡಿದು ಇಟ್ಟೆ.

"ಇದನ್ನ ನಾನು ಬರೆಯಲಿಲ್ಲ ಅಮ್ಮ. ಗಲೀಜು ಅನ್ಕೊಂಡು ಬಿಟ್ಟೆ. ನಿನ್ನ ತಲೆಗೆ ಏನೂ ಆಗಿಲ್ಲ. ನನಗೆ ಮೂರು ವಾರದಿಂದ ಗೊತ್ತಿತ್ತು. ಅಜ್ಜ ಬಂದಾಗಲೂ ಗೊತ್ತಿತ್ತು."

ಅಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ತರಲಿಲ್ಲ. ಬೆರಳನ್ನೂ ತೆಗೆಯಲಿಲ್ಲ. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಎದುರು ಮನೆಯ ನಲ್ಲಿ ನಿಂತಿತು. ನಾನು ಕಾದೆ.

"ನನಗೆ ನೆನಪಿತ್ತು," ಎಂದಳು ಕೊನೆಗೆ.

"ಏನು?"

"ಒಂಬತ್ತು. ಎಣಿಸ್ತಾನೇ ಇದ್ದೆ ನಾನೂ. ಐದು, ಆರು... ಯಾಕೋ ಒಂದ್ಸಲ ಪುಟ ನೋಡಿದೆ. ಅಲ್ಲಿ ಗುರುತಿರಲಿಲ್ಲ. ಎಷ್ಟು ಚೆಂದದ ಅಕ್ಷರ, ಒಂದು ಚಿತ್ತಿಲ್ಲ. ನನ್ನ ಮಗಳು ತಪ್ಪು ಬರೀತಾಳಾ, ನನಗೇ ಎಲ್ಲೋ ತಲೆ ಕೆಟ್ಟಿದೆ, ಅಜ್ಜ ನಿಜವಾಗ್ಲೂ ಮರ್ತಿದ್ದಾರೆ ಅನ್ಕೊಂಡೆ." ಅಂಗಿಯ ತೋಳನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ನಿನ್ನ ಅಕ್ಷರ ನಂಬಿದೆ ಮರಿ."

ಅದು ನನ್ನದೇ ಅಂಗಿ.

ಆಮೇಲೆ ಕೇಳಿದಳು: "ಆ ಹಾಸ್ಟೆಲ್‌ನಲ್ಲಿ ಪೆನ್ಸಿಲ್ ಗುರುತು ಇದ್ರೆ ಏನು ಮಾಡ್ತಿದ್ರು?"

"ಪುಟ ಹರಿದು ಕೈಗೆ ಕೊಡ್ತಿದ್ರು."

"ಎಷ್ಟು ವಯಸ್ಸಿಂದ?"

"ಏಳು."

ಅಮ್ಮ ಅತ್ತಿದ್ದು ಅದಕ್ಕೆ. ಅಜ್ಜನಿಗಲ್ಲ, ಗೂಡಿಗಲ್ಲ.

ಜುಲೈ 27, ಭಾನುವಾರ

ಅಜ್ಜನಿಗೆ ಬರೆದ ಪತ್ರಕ್ಕೆ ಉತ್ತರ ಬಂದಿಲ್ಲ. ಎರಡು ವಾರ ಆಯಿತು. ಹೊಡೆದು ಹಾಕಿದ್ದನ್ನೂ ಹಾಗೇ ಬಿಟ್ಟು, ಫೇರ್ ಮಾಡದೆ ಕಳಿಸಿದ್ದೆ. ಇನ್ನೂ ಕಾಯುತ್ತಿದ್ದೇವೆ. ಅಂಚೆಯವನು ನಮ್ಮ ಬಾಗಿಲು ದಾಟಿ ಹೋಗುವಾಗ ಅಮ್ಮ ಏನೋ ಕೆಲಸ ಇರುವವಳ ಹಾಗೆ ಒಳಗೆ ಹೋಗುತ್ತಾಳೆ.

ಆಗಸ್ಟ್ 5, ಮಂಗಳವಾರ

ಅಮ್ಮನ ಆಪರೇಷನ್ ಆಯಿತು. ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕುವುದು ನನ್ನ ಕೆಲಸ. ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು. ಆಗ ಇಬ್ಬರೂ ಮಾತಾಡುವುದಿಲ್ಲ. ಟ್ರಂಕನ್ನು ಅವಳ ಮಂಚದ ಪಕ್ಕಕ್ಕೆ ಎಳೆದು ಮೇಲೆ ಔಷಧಿ ಜೋಡಿಸಿದ್ದೇನೆ, ಎತ್ತರ ಸರಿಯಾಗಿದೆ. ಸೋಪು ಮುಗಿದಿತ್ತು, ಒಂದು ದೊಡ್ಡದು ತಂದು ಬಚ್ಚಲಲ್ಲಿಟ್ಟೆ.

ಬಟ್ಟೆ ಹೊಲಿಯುವ ಚಿಕ್ಕಮ್ಮ ನೋಡಲು ಬಂದವರು, "ಪೊರೆ ಹೋಯ್ತು, ಇನ್ನು ನನ್ನ ಹೊಲಿಗೆಯ ತಪ್ಪೆಲ್ಲ ಕಾಣ್ಸುತ್ತೆ ಇವಳಿಗೆ" ಎಂದರು. ಅಮ್ಮ, "ಮೊದಲಿಂದಾನೂ ಕಾಣ್ತಿತ್ತು, ಸ್ನೇಹಕ್ಕೆ ಸುಮ್ಮನಿದ್ದೆ" ಎಂದಳು. ಎಷ್ಟೋ ದಿನದ ಮೇಲೆ ನಕ್ಕಳು.

ಆಗಸ್ಟ್ 16, ಶನಿವಾರ

'ಗಡಿಯಾರದ ಅಂಗಡಿ' ಮೊದಲ ಪ್ರದರ್ಶನ. ಬೇಡ ಎಂದು ನಾನು, ಹೋಗೋಣ ಎಂದು ಅಮ್ಮ. ಇಪ್ಪತ್ತಮೂರು ವರ್ಷದಲ್ಲಿ ಅವಳು ಒಂದು ನಾಟಕವನ್ನೂ ಮುಂದಿನಿಂದ ನೋಡಿಲ್ಲವಂತೆ. ಹನ್ನೆರಡನೇ ಸಾಲಿನಲ್ಲಿ ಕೂತೆವು. ಕುರ್ಚಿ ಮಡಚಿಕೊಳ್ಳುತ್ತದೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಕೊಟ್ಟ ಕಿರುಪುಸ್ತಕವನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡಳು. ಚೀಟಿಯ ಅಂಚು ಹೊರಗೆ ಇಣುಕುತ್ತಿರಲಿಲ್ಲ. ಅದು ನಾನೇ ಇಟ್ಟದ್ದಿರಬೇಕು.

ಹೊಸ ನಟ ಚೆನ್ನಾಗಿ ಮಾಡಿದರು. ಅದನ್ನು ಬರೆಯದಿದ್ದರೆ ಅನ್ಯಾಯ. ಕಿವಿಯ ಯಂತ್ರ ಯಾರಿಗೂ ಕಾಣಲಿಲ್ಲ. ಎಲ್ಲೂ ತಡವರಿಸಲಿಲ್ಲ. ಎಡಗಡೆಯ ಪರದೆಯ ಹಿಂದೆ ಬೆಳಕಿರಲಿಲ್ಲ. ಅಮ್ಮನ ತುಟಿ ಮಾತ್ರ ಎಲ್ಲರ ಮಾತಿಗೂ ಅರ್ಧ ಕ್ಷಣ ಮುಂಚೆ ಅಲುಗುತ್ತಿತ್ತು.

ಆ ದೃಶ್ಯ ಬಂತು. ಗಿರಾಕಿ ಗಡಿಯಾರ ಕೊಟ್ಟ. ಮುದುಕ ಬೆನ್ನು ತೆಗೆದ. ತಲೆ ಎತ್ತಿದ.

ಅಮ್ಮನ ಕೈ ಕತ್ತಲಲ್ಲಿ ಬಂದು ನನ್ನ ಮಣಿಕಟ್ಟನ್ನು ಹಿಡಿಯಿತು. ಬೆರಳ ತುದಿ ಮೆಲ್ಲಗೆ ತಟ್ಟತೊಡಗಿತು. ಒಂದು. ಎರಡು. ಮೂರು. ನಾಲ್ಕು.

"ಎರಡು ದಿನ ಬಿಟ್ಟು ಬನ್ನಿ," ಎಂದರು ಹೊಸ ನಟ. "ಆಗಿರುತ್ತೆ." ಗಿರಾಕಿ ಹೊರಟ. ಬೆಳಕು ಬದಲಾಯಿತು. ಜನ ಚಪ್ಪಾಳೆ ತಟ್ಟಿದರು.

ಅಮ್ಮನ ಬೆರಳು ನಿಲ್ಲಲಿಲ್ಲ. ಐದು. ಆರು. ಏಳರಲ್ಲಿ ಸ್ವಲ್ಪ ತಡೆಯಿತು. ನಾನು ಕೈ ಅಲುಗಿಸದೆ ಕೂತಿದ್ದೆ. ಎಂಟು.

ಒಂಬತ್ತು.